ಆರದ ಪರದೆಯ ಮೇಲಿನ ಎರಡು ಸಾಲು

ರಾಯದುರ್ಗದ ಆ ಜೀನ್ಸ್ ಯೂನಿಟ್ಟಿನಲ್ಲಿ ಇಪ್ಪತ್ತೆರಡು ಮಿಷನ್ನುಗಳಿವೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲವೂ ಒಟ್ಟಿಗೆ ಶುರುವಾದವೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಹಾಗಂತ ಅಲ್ಲಿನ ಹೆಂಗಸರೇನು ಮಾತು ಬಿಟ್ಟವರಲ್ಲ. ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾರೆ, ಉಳಿದರ್ಧಕ್ಕೆ ಕೈಯಿದೆ, ಹುಬ್ಬಿದೆ. ಯಾರ ಮನೆಯಲ್ಲಿ ಏನು ಸಾರು, ಯಾರ ಸೊಸೆ ತವರಿಗೆ ಹೋದಳು, ಓನರ್ ತಿಪ್ಪಯ್ಯನವರ ಮುಖ ಇವತ್ತು ಯಾಕೆ ಗಂಟಾಗಿದೆ, ಎಲ್ಲವೂ ಆ ಗದ್ದಲದ ನಡುವೆ ಸದ್ದಿಲ್ಲದೆ ಸಾಲಿನಿಂದ ಸಾಲಿಗೆ ದಾಟುತ್ತದೆ.

ಮೂರನೇ ಸಾಲಿನ ಕೊನೆಯ ಮಿಷನ್ನು ಪ್ರಸನ್ನಲಕ್ಷ್ಮಿಯದು. ಪ್ಯಾಂಟಿಗೆ ಜಿಪ್ಪು ಕೂರಿಸುವ ಕೆಲಸ. ಇಪ್ಪತ್ತಾರು ವರ್ಷ. ಮಡಕಶಿರದಿಂದ ಈ ಊರಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿದೆ. ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಹನಿದಂಥ ಸದ್ದು ಬರುತ್ತದೆ. ಆ ಸದ್ದು ಕೇಳಿಯೇ ಸೊಪ್ಪು ಸಾಲದಾಯಿತೋ ಸಾಕಾಯಿತೋ ಹೇಳುತ್ತಿದ್ದ ಹುಡುಗಿ ಅವಳು. ಅಂಥ ಕಿವಿಯವಳು ಈಗ ದಿನಕ್ಕೆ ಎಂಟು ತಾಸು ಏನೂ ಕೇಳದ ಕಡೆ ಕೂರುತ್ತಾಳೆ.

ಉಳಿದ ಹೆಂಗಸರ ಫೋನುಗಳೆಲ್ಲ ಗೋಡೆಗೆ ನೇತುಹಾಕಿದ ಊಟದ ಚೀಲಗಳಲ್ಲಿರುತ್ತವೆ. ಪ್ರಸನ್ನಲಕ್ಷ್ಮಿಯದು ಮಾತ್ರ ಮಿಷನ್ನಿನ ಮೇಜಿನ ಮೇಲೆ, ದಾರ ಸುತ್ತಿದ ಕೋನಿಗೆ ಒರಗಿ ನಿಂತಿರುತ್ತದೆ. ಅದರ ಪರದೆ ಆರುವುದೇ ಇಲ್ಲ. ಕಪ್ಪು ಗಾಜಿನ ಮೇಲೆ ಬೆಳ್ಳಗೆ ಗಂಟೆ, ನಿಮಿಷ, ಕೆಳಗೆ ಯಾರ ಫೋನು ಬಂದಿತ್ತು, ಯಾವ ಮೆಸೇಜು ಬಂತು ಎಂಬುದು. ಮುಟ್ಟದಿದ್ದರೂ ಕಾಣುತ್ತದೆ.

"ಏನವಾ, ನಿನ್ನ ಫೋನಿಗೆ ನಿದ್ದಿನ ಬರಂಗಿಲ್ಲೇನು?" ಎಂದು ಪಕ್ಕದ ಮಿಷನ್ನಿನ ರಾಮಾಂಜಿನಮ್ಮ ಟೀ ಹೊತ್ತಿನಲ್ಲಿ ಕಾಡುತ್ತಿದ್ದಳು.

"ನಂಗೇ ಬರಲ್ಲ ಅಕ್ಕ, ಅದಕ್ಕೆಲ್ಲಿ ಬತ್ತೈತೆ."

"ಚಾರ್ಜ್ ಕುಡೀತತಲ್ಲ ಸುಮ್ನ."

"ಕುಡೀಲಿ ಬಿಡಕ್ಕ. ಮಗಿಗಿಂತ ಹೆಚ್ಚಾ?"

ಆ ಮಾತಿಗೆ ಕಾರಣವಿತ್ತು. ಮಗಳು ಚಿಟ್ಟಿಗೆ ಒಂಬತ್ತು ತಿಂಗಳಿದ್ದಾಗ ಒಂದು ದಿನ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡಿದ್ದವು. ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಅತ್ತೆ ಬನಶಂಕರಮ್ಮ ಹದಿನಾಲ್ಕು ಸಲ ಫೋನು ಮಾಡಿದ್ದರು. ಪ್ರಸನ್ನಲಕ್ಷ್ಮಿಗೆ ಗೊತ್ತಾದದ್ದು ಮಧ್ಯಾಹ್ನ ಊಟದ ಚೀಲ ಬಿಚ್ಚಿದಾಗ. ಮಗು ಉಳಿಯಿತು. ಆದರೆ ಆ ಹದಿನಾಲ್ಕು ಎಂಬುದು ಅವಳ ಎದೆಯಿಂದ ಇಳಿಯಲಿಲ್ಲ. ಗಂಡ ಚೌಡೇಶ ಜೀನ್ಸ್ ಬಂಡಲುಗಳನ್ನು ತೊಳೆಯುವ ಯೂನಿಟ್ಟುಗಳಿಗೆ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾನೆ. ಬಳ್ಳಾರಿಗೆ ಹೋದಾಗ ಈ ಫೋನು ತಂದು, ಅಂಗಡಿಯವನಿಂದಲೇ ಪರದೆ ಆರದಂತೆ ಮಾಡಿಸಿದ. "ಇನ್ನ ಕೇಳಲಿಲ್ಲ ಅನ್ನಂಗಿಲ್ಲ. ಕಣ್ಣಿಗೆ ಹೊಡೀತತಿ" ಎಂದು ಕೊಟ್ಟ. ನಾಲ್ಕು ಜಿಪ್ಪಿಗೊಮ್ಮೆ ಅದರತ್ತ ನೋಡುವುದು ಅವಳಿಗೆ ಉಸಿರಾಡಿದಷ್ಟು ರೂಢಿಯಾಯಿತು. ಏನೂ ಇಲ್ಲದಿದ್ದರೆ ಸಮಾಧಾನ. ಮತ್ತೆ ನಾಲ್ಕು ಜಿಪ್ಪಿಗೆ ಅದೇ ಹೆದರಿಕೆ.

ಚಿಟ್ಟಿಗೆ ವರ್ಷ ತುಂಬಿ ಎರಡು ತಿಂಗಳಾದಾಗ, ಒಂದು ಭಾನುವಾರ ಅವಳು ಅನ್ನ ತಿನ್ನಿಸುತ್ತ ಕೂತಿದ್ದಳು. ಏನೋ ಹೇಳುತ್ತಲೇ ತಿನ್ನಿಸುವುದು ತಾಯಂದಿರ ಅಭ್ಯಾಸವಲ್ಲವೇ. ಮಗು ಅವಳ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿತ್ತು. ಅವಳು ಸುಮ್ಮನಾದರೆ ತುತ್ತಿನ ಕಡೆ ತಿರುಗುತ್ತಿತ್ತು, ಬಾಯಿ ಆಡಿಸಿದರೆ ಮತ್ತೆ ತುಟಿಗೆ ಬರುತ್ತಿತ್ತು. ಅವಳು ದನಿಯಿಲ್ಲದೆ ಬರೀ ಬಾಯಿ ಆಡಿಸಿ ನೋಡಿದಳು. ಮಗು ಅಷ್ಟೇ ಆಸ್ಥೆಯಿಂದ ನೋಡಿ ನಕ್ಕಿತು.

ಆ ನೋಟ ಅವಳಿಗೆ ಗುರುತಿನದು. ಮಿಷನ್ನುಗಳ ನಡುವೆ ಕೂತು ತಾನು ದಿನವೆಲ್ಲ ನೋಡುವ ನೋಟವೇ ಅದು. ಆದರೆ ಈ ಮನೆಯಲ್ಲಿ ಮಿಷನ್ನು ಎಲ್ಲಿದೆ?

ಮಗುವನ್ನು ಮಂಚದ ಮೇಲೆ ಕೂರಿಸಿ, ಅದರ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿದಳು. ಪಕ್ಕದ ಮನೆಯವರು "ಏನಾತ್ರೀ?" ಎಂದು ಕೂಗಿದರು. ಚಿಟ್ಟಿ ತನ್ನ ಪಾಡಿಗೆ ಬೆರಳು ಚೀಪುತ್ತ ಕೂತಿತ್ತು.

ಅಂಗನವಾಡಿಗೆ ಬರುವ ನರ್ಸಮ್ಮ, ಬಳ್ಳಾರಿಯಲ್ಲಿ ಕಿವಿ ಪರೀಕ್ಷೆ ಮಾಡುವ ಕಡೆ ತೋರಿಸಿ ಎಂದರು. "ದೋಷ ಇದ್ದದ್ದೇ ಆದ್ರೆ ಎಷ್ಟು ಬೇಗ ಕಿವಿಗೆ ಮಷಿನ್ ಹಾಕಿದ್ರೆ ಅಷ್ಟು ಮಾತು ಬರ್ತದಮ್ಮ. ಒಂದೊಂದು ತಿಂಗಳೂ ಲೆಕ್ಕಕ್ಕೆ ಬರ್ತದೆ." ಅತ್ತೆಗೆ ಹೇಳಿದಾಗ ಅವರು ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತಲಿಲ್ಲ.

"ಚೌಡೇಶನೂ ಮಾತಾಡಿದ್ದು ಎರಡು ವರ್ಷಕ್ಕ."

"ಮಾತು ಬಿಡಿ ಅತ್ತೆ, ಕೇಳಿಸ್ತಿಲ್ವಲ್ಲ."

"ಸುಶ್ಮಿತಾದು ಒಂದು ಮುಗೀಲವಾ. ಬೊಮ್ಮನಹಾಳಿನೋರು ಇನ್ನೂ ಮನಸ್ಸು ಮಾಡವಲ್ರು. ಆ ಮನ್ಯಾಗ ಕಿವುಡು ಐತಂತ ಅಂತ ಒಂದು ಮಾತು ಹೋದ್ರ ಸಾಕು. ನಮ್ಮ ಹುಡುಗಿ ಹೊಟ್ಟ್ಯಾಗೂ ಹಂಗ ಹುಟ್ತಾವೇನೋ ಅಂತಾರ. ಎರಡು ತಿಂಗಳು ತಡಿ."

ಸುಶ್ಮಿತಾ ಚೌಡೇಶನ ತಂಗಿ. ಬೊಮ್ಮನಹಾಳಿನಲ್ಲಿ ಕಾಲುವೆ ನೀರಿನ ಗದ್ದೆ ಇರುವ ಒಂದು ಮನೆಯೊಂದಿಗೆ ಅವಳ ಮದುವೆಯ ಮಾತು ನಡೆದಿತ್ತು. ಚೌಡೇಶ ಅತ್ತ ಅಮ್ಮ, ಇತ್ತ ಹೆಂಡತಿ ಎಂದು ನಡುವೆ ನಿಂತು, ಕೊನೆಗೆ "ಎರಡು ತಿಂಗಳಲ್ಲೇನಾಗ್ತತಿ" ಎಂದು ಆಟೋ ಹತ್ತಿದ. ಎರಡು ಹೋಗಿ ಐದಾಯಿತು. ಚಿಟ್ಟಿಗೆ ಹತ್ತೊಂಬತ್ತು ತಿಂಗಳು.

ಮಡಕಶಿರದ ಅವ್ವನಿಗೆ ಫೋನು ಮಾಡಿ ಅತ್ತಾಗ ಅವ್ವ ಬೈದಳು. "ಅಳೋದು ಬಿಟ್ಟು ದಿನ ಗೊತ್ತು ಮಾಡೆ. ಹೆತ್ತೋಳು ನೀನಲ್ವಾ? ನನ್ನ ನೋಡಾಕೆ ಹೋಗ್ತೀನಿ ಅನ್ನು. ನನ್ನ ತಲೆ ಮ್ಯಾಲೆ ಹಾಕು."

ಅವಳು ಹಾಗೆಯೇ ಮಾಡಿದಳು. ಬಳ್ಳಾರಿಯ ಕೇಂದ್ರಕ್ಕೆ ಫೋನು ಮಾಡಿ ಹೆಸರು ಬರೆಸಿದಳು. ಮನೆಯಲ್ಲಿ, ಬರುವ ಬುಧವಾರ ಮಗುವನ್ನು ಕರೆದುಕೊಂಡು ಮಡಕಶಿರಕ್ಕೆ ಹೋಗಿಬರುತ್ತೇನೆ ಎಂದಳು. ಅತ್ತೆ ಬೀಗಿತಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಸಿಟ್ಟರು. ಪ್ರಸನ್ನಲಕ್ಷ್ಮಿ ಆ ಡಬ್ಬಿಯನ್ನು ಕಣ್ಣಿಗೆ ಬೀಳದಂತೆ ಬಟ್ಟೆಚೀಲದ ತಳಕ್ಕೆ ತುರುಕಿದಳು.

ಕೇಂದ್ರದಿಂದ ಮೆಸೇಜು ಬಂದದ್ದು ಶುಕ್ರವಾರ ಮಧ್ಯಾಹ್ನ. ಆಗ ಅವಳು ಜಿಪ್ಪಿನ ರೋಲು ತರಲು ಒಳಗೆ ಹೋಗಿದ್ದಳು.

ಯೂನಿಟ್ಟಿನ ಕೆಲಸದ ರೀತಿ ಹೀಗೆ: ಪ್ರತಿ ಬಂಡಲಿನ ಮೇಲೆ ಒಂದು ಚೀಟಿ. ಅದರಲ್ಲಿ ಸೈಜು, ನಂಬರು. ಒಬ್ಬಳ ಕೆಲಸ ಮುಗಿದರೆ ಬಂಡಲನ್ನು ಮೇಜಿನ ಅಂಚಿಗೆ ತಳ್ಳುತ್ತಾಳೆ. ಮುಂದಿನವಳು ಬಾಗಿ ಚೀಟಿ ಓದಿ ಎತ್ತಿಕೊಳ್ಳುತ್ತಾಳೆ. ಕೇಳುವಂತಿಲ್ಲ, ಹೇಳುವಂತಿಲ್ಲ, ಎಲ್ಲವೂ ಕಣ್ಣಿನ ಕೆಲಸ. ವರ್ಷಗಟ್ಟಲೆ ಹೀಗೆ ದುಡಿದವರಿಗೆ ಪಕ್ಕದ ಮೇಜಿನ ಮೇಲೆ ಎರಡು ಸಾಲು ಅಕ್ಷರ ಕಂಡರೆ ಓದದೆ ಇರಲು ಬರುವುದಿಲ್ಲ. ಓದಬೇಕೆಂದು ಓದುವುದಲ್ಲ, ಓದಿ ಮುಗಿದ ಮೇಲೆ ಓದಿದೆ ಎಂದು ತಿಳಿಯುತ್ತದೆ. ರಾಮಾಂಜಿನಮ್ಮ ಬಂಡಲಿಗೆ ಕೈ ಚಾಚಿದಳು. ಚೀಟಿಯ ಪಕ್ಕದಲ್ಲೇ ಬೆಳಗುತ್ತಿದ್ದ ಪರದೆಯ ಮೇಲೆ ಎರಡು ಸಾಲಿದ್ದವು: ಬುಧವಾರ ಹತ್ತೂವರೆಗೆ ಮಗುವಿನ ಶ್ರವಣ ಪರೀಕ್ಷೆ. ಮಗುವನ್ನು ನಿದ್ದೆಗೆಡಿಸಿ ಕರೆತನ್ನಿ.

ಅವಳು ಯೂನಿಟ್ಟಿನಲ್ಲಿ ಯಾರಿಗೂ ಹೇಳಲಿಲ್ಲ. ಅಷ್ಟು ತಿಳುವಳಿಕೆ ಇತ್ತು. ಸಂಜೆ ಪ್ರಸನ್ನಲಕ್ಷ್ಮಿಗಿಂತ ಮೊದಲೇ, ಧೈರ್ಯ ಹೇಳಲೆಂದು ನೇರವಾಗಿ ಬನಶಂಕರಮ್ಮನ ಮನೆಗೆ ಬಂದಳು.

ಆ ಹೊತ್ತಿಗೆ ನಡುಮನೆಯ ಕುರ್ಚಿಯಲ್ಲಿ ಹನುಮಂತರಾಯಪ್ಪನವರು ಟೀ ಕುಡಿಯುತ್ತಿದ್ದರು. ಬೊಮ್ಮನಹಾಳಿನ ಸಂಬಂಧ ತಂದ ಹಿರಿಯರು. ಮುಂದಿನ ಶುಕ್ರವಾರ ಗಂಡಿನವರು ತಾಂಬೂಲ ಬದಲಾಯಿಸಲು ಬರುತ್ತಾರೆ ಎಂದು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ. ರಾಮಾಂಜಿನಮ್ಮ ಬಂದವಳೇ ಚಿಟ್ಟಿಯನ್ನು ಎತ್ತಿಕೊಂಡಳು.

"ಹೆದರಬ್ಯಾಡ್ರಿ ಬನಶಂಕರಕ್ಕ. ಬುಧವಾರ ಕಿವಿ ಪರೀಕ್ಷೆ ಐತಂತಲ್ಲ, ಪ್ರಸನ್ನನ ಫೋನ್ಯಾಗ ಕಾಣ್ತು. ನಮ್ಮ ತಂಗಿ ಮಗಂದೂ ಹಿಂಗ ಇತ್ತು. ಬಳ್ಳಾರ್ಯಾಗ ಕಿವಿಗೆ ಮಷಿನ್ ಹಾಕಿದ್ರು. ಈಗ ಬೈಯಾಕ ಸೈತ ಕಲ್ತಾನ."

ಹನುಮಂತರಾಯಪ್ಪನವರು ಲೋಟ ಕೆಳಗಿಟ್ಟು ಮಗುವನ್ನು ಒಮ್ಮೆ ನೋಡಿದರು. "ಹಂಗೇನ್ರಿ" ಎಂದರು. "ಬರ್ತೀನ್ರಿ, ಬಸ್ಸಿಗೆ ಹೊತ್ತಾತು. ಅವರಿಗೊಂದು ಮಾತು ಕೇಳಿ ಫೋನ್ ಮಾಡ್ತೀನಿ." ತಾಂಬೂಲದ ದಿನ ಗೊತ್ತಾದ ಮೇಲೆ ಮತ್ತೆ ಕೇಳುವ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಪ್ರಸನ್ನಲಕ್ಷ್ಮಿ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಹನುಮಂತರಾಯಪ್ಪನವರು ಎದುರಾಗಿ ದಾಟಿ ಹೋದರು. ಒಳಗೆ ರಾಮಾಂಜಿನಮ್ಮ ಮಗುವನ್ನು ಕೆಳಗಿಳಿಸಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಮಡಕಶಿರಕ್ಕೇನವಾ ಹೊಂಟಿದ್ದು ಬುಧವಾರ?" ಬನಶಂಕರಮ್ಮನ ದನಿ ಏರಲಿಲ್ಲ, ಅದೇ ಹೆದರಿಸಿತು. "ನಾನು ಚಟ್ನಿಪುಡಿ ಕುಟ್ಟಿಕೊಡ್ತೀನಿ, ನೀನು ಊರಿಗೆಲ್ಲ ಬೋರ್ಡ್ ಹಾಕಿ ಹೊಂಡ್ತಿ. ಮುಚ್ಚಿಕೊಂಡು ಹೋಗೋದಾದ್ರ ಪೂರಾ ಮುಚ್ಚಬೇಕಿತ್ತು. ಅದೇನು ಫೋನೋ, ಅಂಗಡಿ ಮುಂದಿನ ದೀಪವೋ."

"ತಪ್ಪು ನಂದ್ರಿ ಅಕ್ಕ, ನಾನು ಓದಬಾರದಿತ್ತು" ಎಂದಳು ರಾಮಾಂಜಿನಮ್ಮ.

"ನೀನ್ಯಾಕ ಓದಬಾರದು? ಓದಲಿ ಅಂತ ಇಟ್ಟಾಳಲ್ಲ."

ಪ್ರಸನ್ನಲಕ್ಷ್ಮಿಗೆ ಹೇಳಬೇಕಾದದ್ದು ಬೇಕಾದಷ್ಟಿತ್ತು. ಸುಳ್ಳು ಹೇಳಿದ್ದು ನಿಜ, ಹೇಳಿಸಿದ್ದು ಯಾರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಒಳಕೋಣೆಯಿಂದ ಸುಶ್ಮಿತಾ ಬಂದಳು. ಬಿ.ಕಾಂ. ಓದಿದ ಹುಡುಗಿ, ಮಾತು ಕಡಿಮೆ. ನೆಲದ ಮೇಲೆ ಕೂತಿದ್ದ ಚಿಟ್ಟಿಯ ಹಿಂದೆ ನಿಂತು ಎರಡೂ ಕೈ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದಳು. ಮಗು ತಿರುಗಲಿಲ್ಲ. ಮತ್ತೊಮ್ಮೆ ತಟ್ಟಿದಳು.

"ಅಮ್ಮಾ, ನಿನಗ ತಿರುಗ್ತತಲ್ಲ ಇದು. ನೀನು ಹೆಂಗ ಕರೀತಿ?"

ಸುಶ್ಮಿತಾ ನೋಡುತ್ತಲೇ ಇದ್ದಳು. ಕೊನೆಗೆ ಬನಶಂಕರಮ್ಮ ಕೂತಲ್ಲಿಂದಲೇ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿದರು. ಬಂಡೆ ಹಾಸಿದ ನೆಲ ಅದಿರಿತು. ಚಿಟ್ಟಿ ಥಟ್ಟನೆ ತಿರುಗಿ, ಅಜ್ಜಿಯನ್ನು ಕಂಡು ಕೈ ಚಾಚಿತು.

ಎಷ್ಟು ದಿನದಿಂದ ಹೀಗೆ ಕರೆಯುತ್ತಿದ್ದಾರೆ? ಪ್ರಸನ್ನಲಕ್ಷ್ಮಿ ನೆನಪಿಸಿಕೊಂಡು ನೋಡಿದಳು. ಅತ್ತೆ ಮಗುವಿನ ಹೆಸರು ಹಿಡಿದು ಕರೆದದ್ದು ತಾನು ಕೇಳಿಯೇ ಬಹಳ ದಿನವಾಗಿತ್ತು.

"ನಿಮಗೆ ಗೊತ್ತಿತ್ತು ಅತ್ತೆ."

"ಹಗಲೆಲ್ಲ ಮಡಿಲಾಗ ಇಟ್ಕೊಂಡಾಕಿ ನಾನು. ನಿನಗಿಂತ ಮೊದಲ ಗೊತ್ತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಒಬ್ಬಾಕಿದು ಉಳಿಸಾಕ ಹೋಗಿ ಒಬ್ಬಾಕಿದು ಕೆಡಸಾಕತ್ತೀನಿ ಅಂತಾನೂ ಗೊತ್ತು. ಏನು ಮಾಡ್ಲಿ?"

ಚೌಡೇಶ ಬಂದು ಎಲ್ಲ ಕೇಳಿ, ಯಾರ ಮೇಲೂ ಕೂಗದೆ, ಫೋನು ಎತ್ತಿಕೊಂಡು ಪರದೆ ಆರುವಂತೆ ಮಾಡಿಟ್ಟ. ತಾನೇ ಹಚ್ಚಿಸಿದ್ದನ್ನು ತಾನೇ ಆರಿಸಿದ. ಅದರಿಂದ ಏನೂ ಹಿಂದಕ್ಕೆ ಬರುವಂತಿರಲಿಲ್ಲ.

ಶನಿವಾರ, ಭಾನುವಾರ ಕಳೆದರೂ ಹನುಮಂತರಾಯಪ್ಪನವರ ಫೋನು ಬರಲಿಲ್ಲ. ಬುಧವಾರದ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೋಗು ಎಂದೂ ಇಲ್ಲ, ಬೇಡ ಎಂದೂ ಇಲ್ಲ.

ಸೋಮವಾರ ಯೂನಿಟ್ಟಿನಲ್ಲಿ ಕಥೆ ಎಲ್ಲರಿಗೂ ಗೊತ್ತಾಗಿತ್ತು. ಟೀ ಹೊತ್ತಿನಲ್ಲಿ ಅದೇ ಮಾತು.

"ಮನಿ ಬಾಗ್ಲಿಗಾದ್ರೂ ಪರದೆ ಕಟ್ತೀವಿ. ಫೋನಿಗೆ ಬಾಗ್ಲಾನ ಇಲ್ಲಂದ್ರ ಹೆಂಗ? ಕಂಪನಿಯೋರು ಇಂಥಾದ್ದು ಯಾಕ ಇಡ್ತಾರೋ" ಎಂದಳು ಗುಂಡಿ ಹೊಲಿಯುವ ಮೈಲಾರಮ್ಮ.

"ಇಡ್ಲಿ ಬಿಡು. ಅದಿಲ್ಲದಾಗ ಆ ಮಗೀಗೆ ಜ್ವರ ಬಂದಿದ್ದು ಮರ್ತ್ಯಾ?" ರಾಮಾಂಜಿನಮ್ಮ ಎರಡು ದಿನದಿಂದ ಸರಿಯಾಗಿ ಉಂಡಂತಿರಲಿಲ್ಲ. "ಕೆಟ್ಟಿದ್ದು ನನ್ನ ಕಣ್ಣು."

"ಹಂಗಾದ್ರ ನಿನ್ನ ಕಣ್ಣಿಗೊಂದು ಸ್ವಿಚ್ ಹಾಕಸ್ಬೇಕು."

ಎಲ್ಲರೂ ನಕ್ಕರು. ಪ್ರಸನ್ನಲಕ್ಷ್ಮಿಯೂ ನಗಲು ನೋಡಿದಳು. ಅವಳಿಗೆ ಬೇರೆಯೇ ಅನಿಸುತ್ತಿತ್ತು. ಇಂಥ ಫೋನು ಮಾಡಿದವರು, ತಮ್ಮದೇ ಕೋಣೆಯಲ್ಲಿ ತಮ್ಮದೇ ಮೇಜಿನ ಮುಂದೆ ಒಬ್ಬರೇ ಕೂರುವವರನ್ನು ನೆನೆದು ಮಾಡಿರಬೇಕು. ಸಾಲಾಗಿ ಮೇಜು ಹಾಕಿಕೊಂಡು ಒಬ್ಬರ ಚೀಟಿ ಒಬ್ಬರು ಓದಿ ಬದುಕುವವರು ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಗಂಟೆ ತೋರಿಸಲೇ, ಕರೆ ತೋರಿಸಲೇ, ಒಳಗಿನ ಮಾತೂ ತೋರಿಸಲೇ ಎಂದು ಫೋನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ದಿನ ಫೋನು ಕಪ್ಪಗೆ, ಸತ್ತಂತೆ ಕೋನಿಗೆ ಒರಗಿತ್ತು. ರೂಢಿಯಂತೆ ನಾಲ್ಕು ಜಿಪ್ಪಿಗೊಮ್ಮೆ ಅದರತ್ತ ನೋಡಿದಳು. ಏನೂ ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ ತಿಳಿಯದೆ ಕೈ ತಪ್ಪಿ ಎರಡು ಜಿಪ್ಪು ಸೊಟ್ಟಗೆ ಕೂತವು. ಮಧ್ಯಾಹ್ನ ಎತ್ತಿ ನೋಡಿದರೆ ಬಳ್ಳಾರಿಯಿಂದ ಮೂರು ಕರೆ. ತಿರುಗಿ ಮಾಡಿದಳು. ಆ ಕಡೆ ಒಬ್ಬ ಹುಡುಗಿ ಬೇಸರದಿಂದಲೇ ಹೇಳಿದಳು. "ಬುಧವಾರ ಮೇಡಂ ಇರಲ್ಲಮ್ಮ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರೋಕಾಗ್ತದಾ ಅಂತ ಕೇಳೋಕೆ ಮಾಡಿದ್ದೆ. ನೀವು ಎತ್ತಲಿಲ್ಲ, ಬೇರೆಯವರಿಗೆ ಕೊಡ್ತಾ ಇದ್ದೆ. ಬರಲ್ಲ ಅಂದ್ರೆ ಇನ್ನು ಐದು ವಾರ."

ಐದು ವಾರ. ಅವಳು ಉಸಿರು ಕೂಡ ತೆಗೆದುಕೊಳ್ಳದೆ "ಬತ್ತೀವಿ ಮೇಡಂ" ಎಂದಳು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆ ಹೊತ್ತು ಬೇರೆಯವರ ಪಾಲಾಗುತ್ತಿತ್ತು.

ಸಂಜೆ ಮನೆಗೆ ಹೋಗಿ, ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಾಳೆ ಆರು ಗಂಟೆ ಬಸ್ಸಿಗೆ ಬಳ್ಳಾರಿಗೆ ಹೋಗ್ತೀನಿ ಅತ್ತೆ. ಮಗಿಗೆ ಕಿವಿ ತೋರ್ಸಕೆ."

ಬನಶಂಕರಮ್ಮ ಮಗುವಿನ ತಲೆ ಬಾಚುತ್ತಿದ್ದರು. ಬಾಚಣಿಗೆ ನಿಂತಿತು, ಮತ್ತೆ ನಡೆಯಿತು. ಸುಶ್ಮಿತಾ ಮಾತ್ರ ಅತ್ತಿಗೆಯ ಕೈಯಿಂದ ಫೋನು ತೆಗೆದುಕೊಂಡು ಹೊಸ್ತಿಲ ಮೇಲೆ ಕೂತಳು. ಐದು ನಿಮಿಷ ಅದರೊಳಗೆ ಏನೇನೋ ಒತ್ತಿ ವಾಪಸು ಕೊಟ್ಟಳು. ಪರದೆ ಮತ್ತೆ ಬೆಳಗುತ್ತಿತ್ತು.

"ಯಾರು ಕರೆದ್ರು ಅಂತ ಅಷ್ಟ ಕಾಣ್ತತಿ ಅತ್ತಿಗಿ. ಒಳಗಿನ ಅಕ್ಷರ ಕಾಣಂಗಿಲ್ಲ. ಮೊದಲ ದಿನಾನ ಹಿಂಗ ಮಾಡಬಹುದಿತ್ತು, ಯಾರೂ ನೋಡಲಿಲ್ಲ."

"ನಿನ್ನ ಸಂಬಂಧ ಕೆಟ್ಟೋಯ್ತು ನನ್ನಿಂದ."

"ಕೆಟ್ಟತೋ ಇಲ್ಲೋ ಇನ್ನೂ ಗೊತ್ತಿಲ್ಲಲ್ಲ" ಎಂದಳು ಸುಶ್ಮಿತಾ. ಮುಖ ಮಾತ್ರ ತಿರುಗಿಸಿಕೊಂಡಳು.

ಬೆಳಿಗ್ಗೆ ಚೌಡೇಶ ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಬಿಟ್ಟ; ಕಳಿಸಿಬರುವವರಂತೆ ಅತ್ತೆಯೂ ಆಟೋ ಹತ್ತಿದ್ದರು. ಬಸ್ಸು ಹತ್ತುವಾಗ ಹಿಂದೆ ಇನ್ನೊಂದು ಜೊತೆ ಕಾಲು. ಬನಶಂಕರಮ್ಮ ಸೆರಗು ಬಿಗಿದು ಹತ್ತಿದರು. "ನಿದ್ದೆಗೆಡಿಸಿ ಕರ್ಕೊಂಡು ಹೋಗಬೇಕಂತಲ್ಲ. ಒಬ್ಬಾಕಿ ಕೈಲಿ ಆಗಂಗಿಲ್ಲ" ಎಂದಷ್ಟೇ ಹೇಳಿದರು. ದಾರಿಯುದ್ದಕ್ಕೂ ಮಗುವಿನ ರೆಪ್ಪೆ ಮುಚ್ಚಿದಾಗಲೆಲ್ಲ ಅದರ ಕೆನ್ನೆಗೆ ನೀರು ಹಚ್ಚಿದರು, ಅಂಗಾಲು ಕೆರೆದರು. ಕೂಗಿ ಎಬ್ಬಿಸಲು ಇಬ್ಬರೂ ನೋಡಲಿಲ್ಲ.

ಪರೀಕ್ಷೆ ಒಂದೂವರೆ ತಾಸು ನಡೆಯಿತು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿಕೊಂಡು ಚಿಟ್ಟಿ ಗಾಢವಾಗಿ ಮಲಗಿತ್ತು; ಮಗು ನಿದ್ದೆಯಲ್ಲಿದ್ದಾಗಲೇ ಮಾಡುವ ಪರೀಕ್ಷೆ ಅದು. ಆಮೇಲೆ ಮೇಡಂ ಕಾಗದ ಮುಂದಿಟ್ಟು ಬೆರಳಿಂದ ತೋರಿಸುತ್ತ ಹೇಳಿದರು. ಎರಡೂ ಕಿವಿಗೆ ಕೇಳುವುದು ಬಹಳ ಕಡಿಮೆ. ಮೊದಲು ಮಿಷನ್ನು ಹಾಕಿ ಕೆಲವು ತಿಂಗಳು ನೋಡಬೇಕು, ಸಾಲದಿದ್ದರೆ ಆಪರೇಷನ್ನಿನ ಯೋಚನೆ. ಮಾತು ಬರುತ್ತದೆಯೇ ಎಂದು ಪ್ರಸನ್ನಲಕ್ಷ್ಮಿ ಕೇಳಿದಳು. "ಈಗ ಬಂದದ್ದು ಒಳ್ಳೇದಾಯ್ತು. ಇನ್ನೂ ಐದು ತಿಂಗಳು ಮೊದಲೇ ಬಂದಿದ್ರೆ ಇನ್ನೂ ಒಳ್ಳೇದಿತ್ತು" ಎಂದರು. ಐದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಸುಮ್ಮನೆ ಅಂದದ್ದು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಬನಶಂಕರಮ್ಮನ ಬಟನ್ ಫೋನು ಸದ್ದು ಮಾಡಿತು. ಹನುಮಂತರಾಯಪ್ಪನವರು. ಬನಶಂಕರಮ್ಮ ಅದನ್ನು ಎರಡು ಕ್ಷಣ ಹಿಡಿದೇ ಕೂತರು, ಆಮೇಲೆ ಎತ್ತಿದರು.

"ಬಳ್ಳಾರ್ಯಾಗ ಅದೀನ್ರಿ. ಮೊಮ್ಮಗಳ ಕಿವಿ ತೋರ್ಸಾಕ ಬಂದೀವಿ. ಹೌದ್ರಿ, ಕೇಳಂಗಿಲ್ಲ. ಮಷಿನ್ ಹಾಕ್ತಾರಂತ." ಬಹಳ ಹೊತ್ತು ಆ ಕಡೆಯ ಮಾತು ಕೇಳಿದರು. "ಆಗ್ಲಿ ಬಿಡ್ರಿ. ಬರ್ರಿ" ಎಂದು ಇಟ್ಟರು.

"ಏನಂದ್ರು ಅತ್ತೆ?"

"ಶುಕ್ರವಾರ ಬರ್ತಾರಂತ. ತಾಂಬೂಲಕ್ಕಲ್ಲ. ಮಗಿನ್ನ ನೋಡಬೇಕಂತ, ರಿಪೋರ್ಟ್ ನೋಡಬೇಕಂತ. ಅದು ರಕ್ತದಾಗ ಬಂದಿದ್ದೋ, ಜ್ವರಕ್ಕ ಆಗಿದ್ದೋ ಅಂತ ಡಾಕ್ಟರ್‌ನ ಕೇಳಿಸಿ ಆಮ್ಯಾಲೆ ಹೇಳ್ತಾರಂತ."

ಒಳಗಿಂದ ಕರೆ ಬಂತು. ಕಿವಿಗೆ ಕೂರುವ ಅಚ್ಚಿನ ಅಳತೆ ತೆಗೆಯಬೇಕಿತ್ತು. ತಣ್ಣನೆಯ ಹಿಟ್ಟಿನಂಥದ್ದನ್ನು ಕಿವಿಯೊಳಗೆ ತುಂಬಿದಾಗ ಚಿಟ್ಟಿ ಕಿರುಚಿತು. ಅಜ್ಜಿ ಕೈ ಹಿಡಿದರು, ಅಮ್ಮ ತಲೆ ಹಿಡಿದಳು. ಅಳತೆ ತೆಗೆದ ಹುಡುಗಿ ಕಿವಿಯ ಮಿಷನ್ನಿಗೆ ಸಿಗುವ ಬಣ್ಣಗಳ ಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟಳು. ಮೈಬಣ್ಣದ್ದಿತ್ತು, ಕಂದು ಇತ್ತು, ನೀಲಿ, ಕಡುಗೆಂಪು ಇದ್ದವು.

"ಮೈಬಣ್ಣದ್ದು ಹಾಕಿದ್ರ ಅಷ್ಟು ಕಾಣಂಗಿಲ್ಲ ಅಲ್ರೀ?" ಬನಶಂಕರಮ್ಮ ಕೇಳಿದರು.

"ಕಾಣಲ್ಲಮ್ಮ. ಆದ್ರೆ ಮಕ್ಕಳು ಕಿತ್ತು ಎಸೀತಾರೆ, ಹುಡುಕೋದು ಕಷ್ಟ. ಎದ್ದಾಗಿಂದ ಮಲಗೋವರೆಗೂ ಕಿವಿಯಲ್ಲೇ ಇರಬೇಕು."

"ಹಗಲೆಲ್ಲ?"

"ಹಗಲೆಲ್ಲ."

ಪ್ರಸನ್ನಲಕ್ಷ್ಮಿ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಮನೆಯ ಬಂಡೆ ನೆಲ, ಅಂಗಳದ ಮಣ್ಣು, ಅಂಗನವಾಡಿಯ ಚಾಪೆ, ಇವುಗಳ ಮೇಲೆ ಯಾವುದು ಬಿದ್ದರೆ ಬೇಗ ಸಿಗುತ್ತದೆ ಎಂದು ಒಂದೊಂದಾಗಿ ಯೋಚಿಸಿದಳು. ಕಡುಗೆಂಪಿನ ಮೇಲೆ ಬೆರಳಿಟ್ಟಳು.

"ಯಾವಾಗ ಬರ್ತತಿ ಇದು?" ಅತ್ತೆ ಆ ಹುಡುಗಿಯನ್ನು ಕೇಳಿದರು.

"ಎರಡು ವಾರ."

ಶುಕ್ರವಾರಕ್ಕೆ ಇನ್ನು ಮೂರೇ ದಿನ. ಬನಶಂಕರಮ್ಮನ ಮುಖದಲ್ಲಿ ಒಂದು ಗಳಿಗೆ ಬಿಡುಗಡೆಯಂಥದ್ದು ಸುಳಿದದ್ದನ್ನು ಪ್ರಸನ್ನಲಕ್ಷ್ಮಿ ಕಂಡಳು. ಅದನ್ನು ಕಂಡು ಅವಳಿಗೆ ಸಿಟ್ಟು ಬರಲಿಲ್ಲ.

"ಬಂದ ದಿನಾನೇ ಹಾಕ್ತೀನಿ ಅತ್ತೆ. ಅವತ್ತು ಯಾರು ಮನೇಲಿ ಕೂತಿದ್ರೂ."

ಬನಶಂಕರಮ್ಮ, ಅತ್ತೂ ಅತ್ತೂ ಬಿಕ್ಕುತ್ತಿದ್ದ ಮಗುವಿನ ಕಿವಿಗೆ ಅಂಟಿದ್ದ ಗುಲಾಬಿ ಹಿಟ್ಟಿನ ಚೂರನ್ನು ಸೆರಗಿನ ತುದಿಯಿಂದ ಮೆಲ್ಲಗೆ ತೆಗೆದರು.